ಸೊಪ್ಪಿಗೆ ಮಾರ್ಕ್ಸ್ ಕೊಡಲು ಬಂದವಳು

ಪ್ರಣತಿ ಮೊದಲ ದಿನವೇ ಸುಘೋಷನ ಜೀವ ತಿಂದಳು.

ಸಿಂಗಾಪುರದ ಬ್ಯೂನಾ ವಿಸ್ಟಾದ ಕೃಷಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವನು ಸೆಕೆಗೆ ಬಗ್ಗದ ಹರಿವೆ ಸೊಪ್ಪಿನ ತಳಿ ಬೆಳೆಸುವವನು. ಅವಳು ಪ್ರತಿ ಲ್ಯಾಬಿನ ಕೆಲಸ ಅಳೆದು ಮಾರ್ಕ್ಸ್ ಕೊಡಲು ಹೊರಗಿನಿಂದ ಬಂದ ಕನ್ಸಲ್ಟೆಂಟ್. ಮಾರ್ಕ್ಸ್ ಕಮ್ಮಿಯಾದರೆ ಲ್ಯಾಬ್ ಬಂದ್. ಅವನು ಹೆಮ್ಮೆಯಿಂದ ಪೇಪರ್, ಗ್ರಾಫ್ ಎಲ್ಲ ತೋರಿಸಿದ. ಅವಳು ಕನ್ನಡಕದ ಮೇಲಿಂದ ಒಂದು ನೋಟ ಬೀರಿದಳು. ಅವನಿಗೆ ಮುಂದಿನ ಸ್ಲೈಡ್ ಮರೆತೇ ಹೋಯಿತು.

“ಇದನ್ನ ಯಾರಾದ್ರೂ ತಿಂದಿದಾರಾ?”

ಯಾರೂ ತಿಂದಿರಲಿಲ್ಲ. ಎಲೆಯ ಉದ್ದ, ಅಗಲ, ಕಬ್ಬಿಣದ ಅಂಶ ಎಲ್ಲ ಅಳೆದಿದ್ದ ಮಹಾರಾಯ ಒಂದು ಸಲವೂ ಒಗ್ಗರಣೆ ಹಾಕಿ ನೋಡಿರಲಿಲ್ಲ.

ಸಿಟ್ಟಿನಲ್ಲೇ ತಾನಿದ್ದ ಸೆಂಗ್‌ಕಾಂಗ್ ಬಡಾವಣೆಯ ಕನ್ನಡ ಆಂಟಿಯರಿಗೆ ಸೊಪ್ಪಿನ ಕಟ್ಟು ಹಂಚಿದ. ಬರೀ ನಾರು ಅಂತ ಅವರು ಮುಖಕ್ಕೆ ಹೊಡೆದಂತೆ ಹೇಳಿದರು. ಎಳೆಯದಿದ್ದಾಗಲೇ ಕೊಯ್ದು ಮತ್ತೆ ಕೊಟ್ಟ. ಈಗ ಅವರೇ ಫ್ಲ್ಯಾಟುಗಳ ಕೆಳಗಿನ ಖಾಲಿ ಜಗಲಿ, ವಾಯ್ಡ್ ಡೆಕ್‌ನಲ್ಲಿ ಅಡ್ಡಗಟ್ಟಿ ಕೇಳತೊಡಗಿದರು. ಅವರ ಅಭಿಪ್ರಾಯ ಬರೆದುಕೊಳ್ಳಲು ಪ್ರಣತಿಯೂ ಜೊತೆಗೆ ಬರುತ್ತಿದ್ದಳು. ಅವಳು ನಕ್ಕರೆ ಅವನಿಗೆ ಸೊಪ್ಪು ಯಾವುದು, ಚೀಲ ಯಾವುದು ತಿಳಿಯುತ್ತಿರಲಿಲ್ಲ. ಕಾಫಿಗೆ ಕರೆಯೋಣವೆಂದರೆ ಮಾರ್ಕ್ಸ್ ಕೊಡುವವರ ಜೊತೆ ಅಂಥ ಸಲಿಗೆ ನಿಯಮಕ್ಕೆ ವಿರುದ್ಧ. ಎಲ್ಲ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರೋಣ ಎಂದುಕೊಂಡ, ಪಾಪ.

ಕೊನೆಯ ಮೀಟಿಂಗಿನಲ್ಲಿ ಅವಳು ಅವನ ಲ್ಯಾಬಿಗೆ ಕೊಟ್ಟ ಒಳ್ಳೆಯ ಮಾರ್ಕ್ಸ್ ಓದಿ ಹೇಳಿದಳು. ಡೈರೆಕ್ಟರ್ ಟ್ಯಾನ್ ಖುಷಿಯಾಗಿ, ಮುಂದಿನ ಮೂರು ವರ್ಷವೂ ಈ ಲ್ಯಾಬನ್ನು ಪ್ರಣತಿಯೇ ಪರೀಕ್ಷಿಸಲಿ ಎಂದು ಅವಳ ರಿಪೋರ್ಟಿನ ಮೇಲೇ ಸಹಿ ಹಾಕಲು ಪೆನ್ ತೆಗೆದರು.

ಮೂರು ವರ್ಷ! ಸುಘೋಷ್ ಎದ್ದು ನಿಂತು, ಇವರ ಮಾರ್ಕ್ಸ್ ಬೇಡ, ಬೇರೆಯವರನ್ನು ಕಳಿಸಿ ಅಂತ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟ.

ಪ್ರಣತಿಯ ಮೂಗು ಕೆಂಪಾಯಿತು. ಟ್ಯಾನ್‌ಗೆ ತಿಳಿಯದಿರಲೆಂದು ಕನ್ನಡದಲ್ಲೇ ಶುರು ಮಾಡಿದಳು.

“ತಲೆ ಕೆಟ್ಟಿದ್ಯಾ ನಿಮಗೆ? ಬೇರೆಯವರು ಬಂದು ಲ್ಯಾಬ್ ಕ್ಲೋಸ್ ಮಾಡಿಸಿದ್ರೆ?”

“ಮಾಡಿಸ್ಲಿ. ಇನ್ನೂ ಮೂರು ವರ್ಷ ನಿಮ್ಮೆದುರು ಬರೀ ಸೊಪ್ಪಿನ ವಿಷಯ ಮಾತಾಡಕ್ಕೆ ನನ್ನ ಕೈಲಾಗಲ್ಲ. ನೀವಂದ್ರೆ ನಂಗಿಷ್ಟ.”

ಬೈಯಲು ತೆರೆದ ಅವಳ ಬಾಯಿ ಹಾಗೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ಏನಾಯಿತು ಎಂದು ಟ್ಯಾನ್ ಕೇಳಿದರು. ಅವಳು ರಿಪೋರ್ಟನ್ನು ಅವರ ಕೈಯಿಂದ ಮೆಲ್ಲಗೆ ವಾಪಸ್ ಎಳೆದುಕೊಂಡು, ಇವರು ಹೇಳುವುದು ಸರಿ, ಇವರಿಗೆ ಮಾರ್ಕ್ಸ್ ಕೊಡುವ ಯೋಗ್ಯತೆ ನನಗೀಗ ಉಳಿದಿಲ್ಲ ಎಂದಳು. ಆಮೇಲೆ ಸುಘೋಷನ ಕಡೆ ತಿರುಗಿದಳು.

“ಸೊಪ್ಪನ್ನ ಮುಂದೆ ಬರೋರು ನೋಡ್ಕೋತಾರೆ. ನಿಮ್ಮನ್ನ ನಾನು ನೋಡ್ಕೋತೀನಿ.”