ಹನ್ನೊಂದನೇ ಹಾಸಿಗೆಯ ಚೀಟಿ

ರೋಗಿಗಳ ಹಾಸಿಗೆಗೆ ತಂತಿಯ ಮೂಲಕ ಹಾಡು ಕೇಳಿಸುವ ನಮ್ಮ ಆಸ್ಪತ್ರೆಯ ರೇಡಿಯೋದಲ್ಲಿ ಒಂದು ಕಾಲಕ್ಕೆ ಮೂವತ್ತು ಜನ ಸ್ವಯಂಸೇವಕರಿದ್ದೆವು. ಕೊನೆಗೆ ಉಳಿದದ್ದು ನಾನು ಮತ್ತು ಗ್ಲೆನಿಸ್. ರೋಗಿಗಳೆಲ್ಲ ಫೋನು ಹಿಡಿದ ಮೇಲೂ ಹನ್ನೊಂದನೇ ಹಾಸಿಗೆಯಿಂದ ಮಾತ್ರ ಇಂಥ ಹಾಡು ಹಾಕಿ ಅಂತ ವಾರವಾರ ಸ್ಟುಡಿಯೋ ಬಾಗಿಲಿನ ಡಬ್ಬಿಗೆ ಚೀಟಿ ಬರುತ್ತಿತ್ತು. ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿರುತ್ತಿತ್ತು.

"ಸ್ಟೇಷನ್ ಮುಚ್ಚಬಾರದು ಅಂತ ನೀನೇ ಬರೀತಿದ್ದೀಯ, ಅಲ್ವಾ?" ಎಂದೆ.

"ಅದನ್ನ ನಾನು ನಿನ್ನ ಕೇಳ್ಬೇಕು, ಇಡ್ರಿಸ್. ಏನೂ ಗೊತ್ತಿಲ್ಲದವನ ಥರ ನಾಟಕ ಆಡಬೇಡ," ಎಂದಳು ಗ್ಲೆನಿಸ್.

ಅವಳು ಸ್ವಾನ್ಸಿ ಊರಿನ ತಂಗಿಯ ಮನೆಗೆ ಹೋದ ಭಾನುವಾರ ನಾನೊಬ್ಬನೇ ಕಾರ್ಯಕ್ರಮ ನಡೆಸಿದೆ. ಮಧ್ಯೆ ಎರಡು ಸಲ ಕೆಮ್ಮಿದೆ. ಮರುದಿನ ರಿಪೇರಿಗೆ ಬಂದವನು ವಾರ್ಡುಗಳಿಗೆ ಹೋಗುವ ತಂತಿ ತೋರಿಸಿದ. "ಇದನ್ನ ಕತ್ತರಿಸಿ ನಾಲ್ಕು ವರ್ಷ ಆಗಿದೆ ಸಾರ್. ಯಾರಿಗೆ ಹಾಡು ಹಾಕ್ತಿದ್ರಿ?"

ಡಬ್ಬಿಯಲ್ಲಿ ತಣ್ಣನೆಯ ಚೀಟಿಯಿತ್ತು. "ಆ ಕೆಮ್ಮು ಡಾಕ್ಟರಿಗೆ ತೋರಿಸು, ಇಡ್ರಿಸ್. ನನಗೂ ಹಾಗೇ ಶುರುವಾಗಿತ್ತು."