ನೋಬಡಿ ಒರೆಸಿದ ಬೋರ್ಡು

ತನ್ನ ದನಿ ಕೊನೆಯ ಬೆಂಚಿನವರೆಗೆ ಹೋಗುತ್ತದೋ ಇಲ್ಲವೋ — ಟ್ಯೂಷನ್ ಟೀಚರ್ ಗುಬ್ಬಿಗೆ ಬೆಳಗಿನಿಂದ ಅದೊಂದೇ ಚಿಂತೆ. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ. ದನಿ ಕೈಕೊಟ್ಟರೂ ಬೋರ್ಡು ಕೈಬಿಡದು ಎಂದು ಧೈರ್ಯ ತಂದುಕೊಂಡು, ಊಟ ಮುಗಿಸಿ ಬಂದು ಪಾಠದ ಕೋಣೆಯ ಬಾಗಿಲು ತಳ್ಳಿದಳು.

ಬೋರ್ಡು ಖಾಲಿ!

ಬೆಳಗೆಲ್ಲ ನಿಂತು ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಇಂಗ್ಲಿಷ್ ಪಾಠ. ಎವ್ರಿಬಡಿ, ಸಂಬಡಿ, ಎನಿಬಡಿ, ನೋಬಡಿ — ಒಂದೊಂದಕ್ಕೂ ಒಂದು ಚಿತ್ರ. ಯಾರೂ ಬರಲಿಲ್ಲ ಎನ್ನಲು ‘ನೋಬಡಿ ಡಿಡ್ ನಾಟ್ ಕಮ್’ ಎನ್ನಬೇಡಿ, ನೋಬಡಿಯ ಹೊಟ್ಟೆಯೊಳಗೇ ಒಂದು ‘ಇಲ್ಲ’ ಇದೆ ಎಂದು ಕೆಂಪಕ್ಷರದಲ್ಲಿ ಬರೆದಿದ್ದಳು. ಈಗ ಒಂದು ಗೀಟೂ ಉಳಿದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ದೊಡ್ಡ ಶಾಲೆಯ ಹೆಡ್‌ಮಿಸ್ ಅವಳ ಪಾಠ ನೋಡಲು ಬರುತ್ತಾರೆ. ಮೆಚ್ಚಿದರೆ ಅಲ್ಲಿ ಕೆಲಸ. ಇಲ್ಲದಿದ್ದರೆ ದೊಡ್ಡಮ್ಮನ ಈ ಮಹಡಿ ಮೇಲಿನ ಟ್ಯೂಷನ್ನೇ ಗತಿ.

"ಯಾರೋ... ಏನೋ ಮಾಡಿದ್ದಾರೆ," ಎಂದಳು, ಬಾಗಿಲಿಗೆ ಹೇಳುವವಳಂತೆ.

ಪೊರಕೆ ಹಿಡಿದು ಆಯಾ ಬಂದಳು.

"ಒಳಗೆ ಯಾರು ಬಂದಿದ್ರು ಆಯಾ?"

"ಯಾರೂ ಇಲ್ಲಮ್ಮ."

ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಇಣುಕಿದರು. "ಯಾರೂ ಇಲ್ವಾ? ಎಲ್ಲರೂ ಓಡಾಡ್ತಿದ್ರಲ್ರೀ!"

ಮೇಷ್ಟ್ರ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಗುಬ್ಬಿ ಅದನ್ನೇ ನೋಡಿದಳು.

"ಏನ್ರೀ, ನನ್ನ ಮೇಲೇ ಕಣ್ಣಾ? ಭಿನ್ನರಾಶಿ ಹೇಳಿ ಹೇಳಿ ಬೆಳ್ಳಗಾಗಿದ್ದೀನಿ. ನಿಮ್ಮ ಬಣ್ಣ ಎಲ್ಲಿದೆ ಇದ್ರಲ್ಲಿ, ತೋರ್ಸಿ!"

ಇರಲಿಲ್ಲ. ಬರೀ ಬಿಳಿ.

"ನನ್ನ ನೋಡ್ಬೇಡಿ," ಎಂದಳು ಆಯಾ. "ನಿಮ್ಮ ಪಾಠ ನನಗೆ ಅರ್ಥಾನೇ ಆಗಲ್ಲ. ಎವ್ರಿಬಡಿ ಅಂದ್ರೆ ಎಲ್ಲರೂ ಅಂತೀರಿ, ಆಮೇಲೆ ಒಬ್ಬರಿಗೆ ಹಾಕೋ ‘ಈಸ್’ ಹಾಕ್ತೀರಿ. ಎಲ್ಲರೂ ಸೇರಿ ಒಬ್ಬರು ಹೇಗಾಗ್ತಾರಮ್ಮ?"

"ಗುಂಪಾಗಿ ನೋಡಲ್ಲ ಆಯಾ. ಒಬ್ಬೊಬ್ಬರನ್ನೇ..."

ಅಷ್ಟರಲ್ಲಿ ದೊಡ್ಡಮ್ಮ ಒಂದು ಮುಷ್ಟಿ ಬಿಗಿಹಿಡಿದೇ ಬಂದರು. ಸೀಮೆಸುಣ್ಣದ ಧೂಳಿಗೆ ಉಬ್ಬಸ ಏಳುತ್ತದೆಂದೇ ಅವರು ಪಾಠ ಬಿಟ್ಟು ಗುಬ್ಬಿಗೆ ಒಪ್ಪಿಸಿದ್ದು.

"ಯಾರೋ ಮಕ್ಕಳು ಒರೆಸಿರ್ತಾರೆ ಬಿಡೇ. ಹೆಡ್‌ಮಿಸ್‌ಗೆ ಇವತ್ತು ಬೇಡ ಅಂತ ಫೋನ್ ಮಾಡ್ಲಾ?"

ಯಾರೂ ಬಂದಿಲ್ಲ. ಎಲ್ಲರೂ ಬಂದಿದ್ದರು. ಯಾರೋ ಒರೆಸಿದರು. ಮೂರೂ ಒಟ್ಟಿಗೆ ಹೇಗೆ ನಿಜ? ಗುಬ್ಬಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ಏನೂ ತೋಚದೆ ಮತ್ತೆ ಬರೆಯಹೊರಟಳು. ಸೀಮೆಸುಣ್ಣ ಹತ್ತಲಿಲ್ಲ. ಇನ್ನೊಂದು ತೆಗೆದಳು — ಅದೂ ಜಾರಿತು. ಬೋರ್ಡಿಗೆ ಅಂಗೈ ಒತ್ತಿದಳು. ತಣ್ಣಗಿತ್ತು. ಬಗ್ಗಿ ನೆಲ ನೋಡಿದಳು.

"ಪುಡಿ ಯಾರ ಮೈಮೇಲಿದೆ ಅಂತ ಹುಡುಕಿದ್ವಿ," ಎಂದಳು ಮೆಲ್ಲಗೆ. "ನೆಲದ ಮೇಲೆ ಪುಡಿಯೇ ಇಲ್ಲ ಅನ್ನೋದನ್ನ ನೋಡ್ಲಿಲ್ಲ. ಬೋರ್ಡು ಇನ್ನೂ ಒದ್ದೆ. ಡಸ್ಟರ್ ಇಲ್ಲೇ ಇರುವಾಗ ಬಟ್ಟೆ ಯಾಕೆ ಒದ್ದೆ ಮಾಡ್ಕೋಬೇಕು? ಧೂಳು ಎದ್ರೆ ಕೆಮ್ಮು ಬರೋರು ಮಾತ್ರ..."

"ಹೌದು, ಧೂಳೆದ್ದು ಕೆಮ್ಮಿದ್ರೆ ಪಕ್ಕದಲ್ಲಿ ನನಗೆ ಕೇಳಿರೋದು," ಎಂದರು ಮೇಷ್ಟ್ರು.

"ದೊಡ್ಡಮ್ಮ, ಕೈ ಬಿಚ್ಚಿ."

ದೊಡ್ಡಮ್ಮ ಮುಷ್ಟಿ ಬಿಚ್ಚಿದರು. ಹಿಂಡಿದ ಕರ್ಚೀಫು — ಕೆಂಪು, ಹಸಿರು, ಹಳದಿ.

"ನೀವೇ ಒರೆಸಿದ್ದು."

"ಹೌದು ಕಣೇ, ನಾನೇ! ನೀನು ಹೋದ್ರೆ ಈ ಮಕ್ಕಳಿಗೆ ಯಾರು? ನನಗೆ ಯಾರು?" ದೊಡ್ಡಮ್ಮನ ದನಿ ಒಡೆಯಿತು. "ಅಷ್ಟಕ್ಕೂ ನಿನಗೆ ಹೋಗ್ಬೇಕು ಅಂತ ಇದೆಯಾ? ಹೆಡ್‌ಮಿಸ್ ಕೆಲಸ ಬೇಕಾ ಅಂತ ಕೇಳಿದಾಗ ನೀನು ಬರೀ ತಲೆ ಆಡಿಸಿದೆ. ಅದು ಹೂಂ ಅಂತಾನಾ, ಊಹೂಂ ಅಂತಾನಾ — ನನಗೆ ಇವತ್ತಿಗೂ ಗೊತ್ತಿಲ್ಲ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಆಯಾ ಪೊರಕೆಯನ್ನು ಬಾಗಿಲ ಹಿಂದೆ ಸರಿಸಿದಳು.

"ನನಗೆ ಆ ಕೆಲಸ ಬೇಕು, ದೊಡ್ಡಮ್ಮ," ಎಂದಳು ಗುಬ್ಬಿ, ಕೊನೆಯ ಬೆಂಚಿಗೂ ಕೇಳುವಂತೆ.