ನಾಣ್ಯ ಯಾವ ಕೈಯಲ್ಲಿದೆ?

ಪೆಟ್ಟಿಗೆ ಖಾಲಿ!

ಮೇಷ್ಟ್ರು ಮುಚ್ಚಳ ತೆಗೆದರು, ಒಳಗೆ ಕಣ್ಣು ಹಾಯಿಸಿದರು, ಮರುಕ್ಷಣವೇ ಕೂಗಿಕೊಂಡರು— “ಹೋಯ್ತು! ನಮ್ಮ ಗುರುಗಳು ಕೊಟ್ಟ ನಾಣ್ಯ ಹೋಯ್ತು!”

ಚಹಾದ ಲೋಟಗಳು ನಮ್ಮ ಕೈಯಲ್ಲೇ ಉಳಿದವು. ಕೈಚಳಕ ಕಲಿಸುವ ಮೇಷ್ಟ್ರ ಮನೆಯ ಮಬ್ಬು ಬೆಳಕಿನ ಮಹಡಿ ಕೋಣೆಯಲ್ಲಿ ಅವರ ಮಗ, ಸೊಸೆ, ಫೋಟೋ ಅಂಗಡಿಯವನು, ನಾನು ಮತ್ತು ನನ್ನ ಅಕ್ಕ ಇದ್ದೆವು. ನಾವೆಲ್ಲ ಅವರ ಶಿಷ್ಯರೇ. ಆ ಸವೆದ ಬೆಳ್ಳಿ ನಾಣ್ಯವನ್ನು ಕೊನೆಯ ಪಾಠದ ದಿನವಾದ ಅವತ್ತು ಅತ್ಯುತ್ತಮ ಶಿಷ್ಯರಿಗೆ ಕೊಡುವುದೆಂದು ಮೇಷ್ಟ್ರು ಮೊದಲ ಪಾಠದಲ್ಲೇ ಘೋಷಿಸಿದ್ದರು.

ಅದು ಯಾರಿಗೆ ಸೇರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸೊಸೆಗೆ! ನಾವು ಕಲಿಯುತ್ತಿದ್ದುದು ಒಂದೇ ಒಂದು ಆಟ. ಬಲಗೈ ಬೆರಳ ತುದಿಯಲ್ಲಿ ನಾಣ್ಯ ಹಿಡಿಯಬೇಕು. ಎಡಗೈ ಬಂದು ಅದನ್ನು ತೆಗೆದುಕೊಂಡಂತೆ ನಟಿಸಿ ಮುಷ್ಟಿ ಕಟ್ಟಬೇಕು. ಅಷ್ಟರಲ್ಲಿ ನಾಣ್ಯ ಸದ್ದಿಲ್ಲದೆ ಬಲ ಅಂಗೈಗೆ ಜಾರಿರಬೇಕು. ನಾನು ಗಡಿಯಾರ ರಿಪೇರಿ ಮಾಡುವವನು, ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವ ಬೆರಳು ನನ್ನವು. ಆದರೂ ನನ್ನ ನಾಣ್ಯ ಪ್ರತಿ ಸಲ ಕುರ್ಚಿಯ ಕೆಳಗೆ ಉರುಳುತ್ತಿತ್ತು. ಆ ಹುಡುಗಿ ಮಾತ್ರ ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಕಾಯುತ್ತಾ ಕಲಿತುಬಿಟ್ಟಿದ್ದಳು. ಹೊಟ್ಟೆ ಉರಿಯುವುದಿಲ್ಲವೇ? ನನಗಂತೂ ಉರಿಯಿತು.

ಅಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತಳಾದವಳು. ಕ್ಲಾಸಿನಲ್ಲಿ ನನಗಿಂತಲೂ ದಡ್ಡಿ. ಅದೊಂದೇ ನನ್ನ ಸಮಾಧಾನ.

“ಯಾರೂ ಹೊರಗೆ ಹೋಗ್ಬೇಡಿ,” ಎಂದಳು ಅಕ್ಕ. “ಮೇಷ್ಟ್ರೇ, ಕೊನೇ ಸಲ ನೋಡಿದ್ದು ಯಾವಾಗ?”

“ನೀವೇ ನೋಡಿದ್ರಲ್ಲಮ್ಮ! ಚಹಾಕ್ಕೆ ಮುಂಚೆ ಎಲ್ಲರಿಗೂ ತೋರಿಸಿ ಒಳಗಿಟ್ಟೆ.”

ನಿಜ. ನಾನೂ ನೋಡಿದ್ದೆ. ನಾಣ್ಯವನ್ನು ಎತ್ತಿ ತೋರಿಸಿ, ಕಪ್ಪು ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದರು. ಆಮೇಲೆ ಕನ್ನಡಕ ತೆಗೆದು, ಅದರ ಡಬ್ಬಿಗೆ ಹಾಕಿ ಜೇಬಿಗಿಳಿಸಿ, “ಮೊದಲು ಚಹಾ, ಆಮೇಲೆ ಬಹುಮಾನ,” ಎಂದು ನಮ್ಮನ್ನು ಬಾಲ್ಕನಿಗೆ ಕರೆದೊಯ್ದಿದ್ದರು.

“ಮಧ್ಯದಲ್ಲಿ ಒಳಗೆ ಬಂದೋರು ಯಾರು?”

ಫೋಟೋ ಅಂಗಡಿಯವನು ಗಂಟಲು ಸರಿಮಾಡಿಕೊಂಡ. “ಬಾಗಿಲ ಪಕ್ಕದಲ್ಲೇ ನಿಂತಿದ್ದೆ ಮೇಡಂ. ಒಳಗೆ ಬಂದಿದ್ದು... ಇವರೊಬ್ಬರೇ.”

ಅವನ ಬೆರಳು ಸೊಸೆಯತ್ತ ತಿರುಗಿತು.

“ಲೋಟದ ತಟ್ಟೆ ತಗೊಳ್ಳೋಕೆ ಬಂದೆ!” ಎಂದಳು ಅವಳು.

“ನಿನ್ನ ಕೈಯಂತೂ ಚುರುಕು,” ಎಂದ ಅವಳ ಗಂಡ. ಅಪ್ಪನ ವಿದ್ಯೆ ಅವನಿಗೆ ಚಿಕ್ಕಂದಿನಿಂದಲೂ ಹತ್ತಿರಲಿಲ್ಲ. ಹೆಂಡತಿಗೆ ಹತ್ತಿದ್ದು ಅವನಿಗೆ ಇನ್ನೂ ಅರಗಿರಲಿಲ್ಲ.

“ನನಗೇ ಸಿಗೋ ವಸ್ತು. ನಾನ್ಯಾಕೆ ಕದೀಲಿ?”

“ನಿನಗೇ ಕೊಡ್ತೀನಿ ಅಂತ ಯಾರು ಹೇಳಿದ್ದು?” ಮೇಷ್ಟ್ರು ಥಟ್ಟನೆ ಕೇಳಿದರು.

ಸೊಸೆ ಸೆರಗು ಕೊಡವಿದಳು, ಪರ್ಸು ಬೋರಲು ಹಾಕಿದಳು, ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಏನೂ ಇಲ್ಲ. ಫೋಟೋದವನ ಜೇಬು, ಮಗನ ಜೇಬು, ನಮ್ಮಿಬ್ಬರ ಚೀಲ— ಎಲ್ಲೂ ಇಲ್ಲ.

“ಇವತ್ತು ಅದು ಸಿಗ್ಲೇಬೇಕು ಮೇಡಂ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. “ಸಿಗದಿದ್ರೆ, ಇನ್ಮೇಲೆ ಈ ಮನೇಲಿ ಒಂದು ಚಮಚ ಕಳೆದ್ರೂ ಎಲ್ಲರೂ ನನ್ನ ಕೈನೇ ನೋಡ್ತಾರೆ.”

ಅಕ್ಕ ತನ್ನ ಅಭ್ಯಾಸದ ನಾಣ್ಯವನ್ನು ಮೇಷ್ಟ್ರ ಮುಂದೆ ಹಿಡಿದಳು. “ನಿಮ್ಮ ನಾಣ್ಯ ಇಷ್ಟೇ ದೊಡ್ಡದಾ? ಇದರ ಮೇಲೆ ಇಸವಿ ಎಷ್ಟಿದೆ ನೋಡಿ ಹೇಳಿ.”

“ನೀವೇ ಓದ್ಕೊಳ್ಳಿ. ನನಗೆ ತಲೆ ಸುತ್ತಾ ಇದೆ.”

“ಪರವಾಗಿಲ್ಲ, ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ನೋಡಿ.”

ಮೇಷ್ಟ್ರು ಅಲ್ಲಾಡಲಿಲ್ಲ.

“ಅಕ್ಕ, ಇಸವಿ ಕಟ್ಕೊಂಡು ಏನಾಗ್ಬೇಕು?” ಎಂದೆ. ನನಗೋ, ಸೊಸೆಯೇ ಕಳ್ಳಿ ಎಂದು ಬೇಗ ತೀರ್ಮಾನವಾಗಿಬಿಟ್ಟರೆ ಸಾಕಾಗಿತ್ತು.

“ಹೋದ ವಾರ ಇವರು ಕನ್ನಡಕ ಕೆಳಗೆ ಮರೆತು ಬಂದಾಗ ಏನಾಯ್ತು, ಹೇಳು?”

ನನಗೆ ನಗು ಬಂತು. “ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟಿಗೆ, ‘ಯಾಕ್ರೀ ಸುಮ್ನೆ ನಿಂತಿದ್ದೀರಿ, ಅಭ್ಯಾಸ ಮಾಡಿ’ ಅಂತ ಗದರಿದ್ರು.”

“ಕೋಟಿಗೂ ಮನುಷ್ಯನಿಗೂ ವ್ಯತ್ಯಾಸ ಕಾಣದ ಕಣ್ಣು. ಅಂಥವರು ಇವತ್ತು ಮಬ್ಬು ಬೆಳಕಿನಲ್ಲಿ, ಕಪ್ಪು ಮಖಮಲ್ಲಿನ ಮೇಲೆ ನಾಣ್ಯ ಇಲ್ಲ ಅಂತ ಒಂದೇ ನೋಟಕ್ಕೆ ಕಂಡುಹಿಡಿದ್ರು— ಕನ್ನಡಕ ಇಲ್ಲದೆ! ಬೆರಳಿಂದ ತಡವಿ ಕೂಡ ನೋಡಲಿಲ್ಲ. ಪ್ರಾಣದಂಥ ವಸ್ತು ಕಳೆದ ಮನುಷ್ಯ ಮೊದಲು ಕನ್ನಡಕಕ್ಕೆ ಕೈ ಹಾಕ್ತಾನೆ. ಇವರು ಯಾಕೆ ಹಾಕಲಿಲ್ಲ?”

ಅಕ್ಕ ಮೇಷ್ಟ್ರ ಜೇಬಿನತ್ತ ಬೆರಳು ಮಾಡಿದಳು.

“ಯಾಕೆಂದ್ರೆ ಆ ಡಬ್ಬಿ ತೆರೆಯೋ ಹಾಗಿರಲಿಲ್ಲ. ಮೇಷ್ಟ್ರೇ, ನನ್ನ ಪೆದ್ದುತನಕ್ಕೆ ದಿನಾ ಬೈತಿದ್ರಿ— ‘ನಾಣ್ಯ ಬಚ್ಚಿಟ್ಟ ಕೈ ಸತ್ತ ಹಾಗೆ ಜೋತುಬೀಳ್ಬಾರದು, ಅದಕ್ಕೊಂದು ಕೆಲಸ ಕೊಡಿ’ ಅಂತ. ನೀವು ಕೊಟ್ರಿ. ಪೆಟ್ಟಿಗೆಯೊಳಗೆ ಇಟ್ಟಂತೆ ಮಾಡಿ, ಅದೇ ಕೈಯಲ್ಲಿ ಕನ್ನಡಕದ ಡಬ್ಬಿ ಹಿಡಿದ್ರಿ. ನಾವೆಲ್ಲ ಮುಚ್ಚಳವನ್ನೇ ನೋಡ್ತಿದ್ವಿ.”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಮಗ ಅವರ ಜೇಬಿನಿಂದ ಡಬ್ಬಿ ತೆಗೆದು ಬಿಚ್ಚಿದ. ಕನ್ನಡಕದ ಕೆಳಗೆ ಬೆಳ್ಳಿ ಮಿನುಗಿತು.

“ಅಪ್ಪಾ... ಯಾಕಪ್ಪಾ?”

“ಈ ಆಟ ಕಲಿಯೋಕೆ ನನಗೆ ವರ್ಷಗಟ್ಟಲೆ ಹಿಡೀತು ಕಣೋ,” ಎಂದರು ಮೇಷ್ಟ್ರು. “ಬೆರಳು ಬಾತು ಅನ್ನ ಕಲಸೋಕೂ ಆಗ್ತಿರಲಿಲ್ಲ. ಇವಳು ಹಾಲು ಕಾಯಿಸ್ತಾ ಕಲಿತಳು! ಹೋದ ವಾರ ನೀವೆಲ್ಲ ಇವಳಿಗೆ ಚಪ್ಪಾಳೆ ತಟ್ಟಿದ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಒಬ್ಬರಾದ್ರೂ ನನ್ನ ಕಡೆ ನೋಡಿದ್ರಾ? ಹೊಟ್ಟೆಕಿಚ್ಚು ತಡೆಯೋಕಾಗ್ಲಿಲ್ಲ. ಆದರೆ ಅವಳು ಲೋಟದ ತಟ್ಟೆಗೆ ಒಳಗೆ ಬರ್ತಾಳೆ, ನೀವು ಅವಳನ್ನೇ ಹಿಡೀತೀರಿ ಅಂತ ಎಣಿಸಿರಲಿಲ್ಲ.”

“ಹಿಡಿದ್ಮೇಲೂ ಬಾಯಿ ಬಿಡಲಿಲ್ಲವಲ್ಲ ಮಾವ.”



ಸೊಸೆ ಗಂಡನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ನಾಣ್ಯವನ್ನು ಬಲಗೈ ಬೆರಳಲ್ಲಿ ಎತ್ತಿ, ಎಡಗೈಗೆ ದಾಟಿಸಿ ಮುಷ್ಟಿ ಕಟ್ಟಿದಳು. ಬಲಗೈಯಿಂದ ಡಬ್ಬಿ ಮುಚ್ಚಿ ಮಾವನ ಮಡಿಲಿಗಿಟ್ಟಳು.

“ಎಲ್ಲಿದೆ ಹೇಳಿ ಮಾವ?”

ಮೇಷ್ಟ್ರು ಎಡಗೈ ತೋರಿಸಿದರು. ಎಡಗೈ ಖಾಲಿ. ಬಲಗೈಯೂ ಖಾಲಿ. ಅವರು ಡಬ್ಬಿ ತೆರೆದರು— ನಾಣ್ಯ ಕನ್ನಡಕದ ಮೇಲೆ ಕೂತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಕಣ್ಣು ಕಾಣ್ಲಿಲ್ಲ, ಅಷ್ಟೆ. ಇನ್ನೊಂದು ಸಲ ಮಾಡು.”

ಅವಳು ಮಾಡಿದಳು. ಕನ್ನಡಕದೊಳಗಿನಿಂದ ಕಣ್ಣರಳಿಸಿ ನೋಡಿಯೂ ಅವರು ಎಡಗೈಯನ್ನೇ ತೋರಿಸಿದರು.

“ಇಟ್ಕೋ. ನಿಂದೇ,” ಎಂದರು ಕೊನೆಗೆ. ಹೇಳುವಾಗಲೂ ಅವರ ಮುಖ ಹುಳಿ ತಿಂದವರಂತೆಯೇ ಇತ್ತು. ನನ್ನ ಮುಖವೂ ಅದಕ್ಕಿಂತ ಚೆನ್ನಾಗಿರಲಿಲ್ಲ.